ಕೋತಿಯ ಕೂಗಿಗೆ ಸಂಬಳ

ಒಂದು ಕಾಡಿನಲ್ಲಿ ಸಂಬಳವಿಲ್ಲದ ಕಾವಲುಗಾರನೊಬ್ಬನಿದ್ದ. ಅವನೇ ಕೆಂಚಪ್ಪ ಎಂಬ ಕೋತಿ. ಹೊಳೆದಂಡೆಯ ಅತ್ತಿಮರದ ತುದಿಯಲ್ಲಿ ಕೂತು ಅರ್ಧ ಹಣ್ಣು ತಿನ್ನುತ್ತಿದ್ದ, ಅರ್ಧ ಬೀಳಿಸುತ್ತಿದ್ದ. ಬಿದ್ದದ್ದನ್ನು ಜಿಂಕೆಗಳು ತಿನ್ನುತ್ತಿದ್ದವು. ದೂರದಲ್ಲಿ ಚಿರತೆ ಕಂಡರೆ ಕೆಂಚಪ್ಪ ಕಾಡೇ ಅದುರುವಂತೆ ಕೂಗುತ್ತಿದ್ದ. ಜಿಂಕೆಗಳು ಓಡಿ ಬದುಕುತ್ತಿದ್ದವು. ಸಂಪಿಗೆ ಎಂಬ ಜಿಂಕೆ ಅವನನ್ನು ಅಣ್ಣ ಎನ್ನುತ್ತಿದ್ದಳು. ಅವಳ ಮರಿಗೆ ಅವನು ಕೋತಿಮಾವ.

ಕೆಂಚಪ್ಪನಿಗೆ ಒಂದೇ ಕೊರಗು. ಕಾಡಿನಂಚಿನಲ್ಲಿ ಬಾಳೆಹಣ್ಣಿನ ಅಂಗಡಿಯಿತ್ತು. ಮನುಷ್ಯರು ನಾಣ್ಯ ಕೊಟ್ಟರೆ ಅಂಗಡಿಯವನು ಹಣ್ಣು ಕೊಡುತ್ತಿದ್ದ. ಕೆಂಚಪ್ಪ ಬರಿಗೈಯಲ್ಲಿ ಹೋದರೆ ಕೋಲು ತೋರಿಸುತ್ತಿದ್ದ.

ಈ ಕೊರಗು ನರಿಯ ಕಿವಿಗೆ ಬಿತ್ತು. ಯಾರೋ ದಾರಿಯಲ್ಲಿ ಬೀಳಿಸಿಕೊಂಡ ನಾಣ್ಯದ ಚೀಲವೊಂದು ನರಿಗೆ ಸಿಕ್ಕಿತ್ತು. ಕಚ್ಚಿ ನೋಡಿದ್ದಕ್ಕೆ ಹಲ್ಲು ನೋವು, ಅಷ್ಟೇ ಲಾಭ.

"ಕೆಂಚಪ್ಪ, ಬಿಟ್ಟಿ ಕೂಗಿ ಕೂಗಿ ಗಂಟಲು ಹರಿದುಕೊಂಡೆಯಲ್ಲ, ಏನು ಸಿಕ್ಕಿತು?" ಎಂದಿತು ನರಿ.

"ಮರಿ ನನ್ನನ್ನು ಮಾವ ಅನ್ನುತ್ತೆ."

"ಮಾವ ಅನ್ನಿಸಿಕೊಂಡರೆ ಬಾಳೆಹಣ್ಣು ಬರುತ್ತದೆಯೇ? ದಿನಕ್ಕೊಂದು ನಾಣ್ಯ ಕೊಡುತ್ತೇನೆ. ಇನ್ನು ಜಿಂಕೆಗಳಿಗೆ ಕೂಗಬೇಡ. ನಾನು ಮರದ ಬುಡದಲ್ಲೇ ಮಲಗಿರುತ್ತೇನೆ. ಚಿರತೆ ಬಂದರೆ ನನಗೊಬ್ಬನಿಗೆ ಮೆಲ್ಲಗೆ ಹೇಳು, ಸಾಕು."

ನರಿಯ ಲೆಕ್ಕ ಬೇರೆಯೇ ಇತ್ತು. ಚಿರತೆ ಜಿಂಕೆ ಹಿಡಿದರೆ ಉಳಿದದ್ದು ತನಗೆ. ತನ್ನ ಪ್ರಾಣಕ್ಕೆ ಕೋತಿಯ ಕಾವಲು.

ಕೆಂಚಪ್ಪನ ಕಣ್ಣ ಮುಂದೆ ಬಾಳೆಗೊನೆ ತೂಗಿತು. ಒಪ್ಪಿಕೊಂಡ.

ಕೆಲವೇ ದಿನದಲ್ಲಿ ಚಿರತೆ ಬಂತು. ಕೆಂಚಪ್ಪ ಕೊಂಬೆಯಿಂದ ತಲೆ ಇಳಿಬಿಟ್ಟು ನರಿಯ ಕಿವಿಯಲ್ಲಷ್ಟೇ ಪಿಸುಗುಟ್ಟಿದ. ಸಂಪಿಗೆಯ ಮರಿ ಕೂದಲೆಳೆಯಲ್ಲಿ ಪಾರಾಯಿತು.

"ಅಣ್ಣಾ, ನಿನಗೆ ಕಾಣಲಿಲ್ಲವೇ?" ಎಂದು ಕೇಳಿದಳು ಸಂಪಿಗೆ.

ಕೆಂಚಪ್ಪ ಮುಖ ತಿರುಗಿಸಿದ. ಅವಳು ಮರಿಯನ್ನು ಕರೆದುಕೊಂಡು ಹಿಂಡಿನ ಜೊತೆ ಹೊಳೆ ದಾಟಿ ಹೋದಳು. ಮರಿ ಮಾತ್ರ ತಿರುತಿರುಗಿ ಮರದ ಕಡೆ ನೋಡುತ್ತಿತ್ತು. ಕೆಂಚಪ್ಪನಿಗೆ ಸಂಕಟವಾಯಿತು.

ಆದರೂ ಸಂಬಳ ಬಿಡಲಾದೀತೇ? ಇಡುವುದೆಲ್ಲಿ ಎಂಬುದೇ ಚಿಂತೆ. ಕೋತಿಗೆ ಜೇಬಿಲ್ಲ. ಆದರೆ ಹಣ್ಣು ತುಂಬಿಕೊಳ್ಳಲು ಎರಡೂ ಕೆನ್ನೆಯಲ್ಲಿ ಚೀಲಗಳಿವೆ. ನಾಣ್ಯಗಳೆಲ್ಲ ಅಲ್ಲಿಗೇ ಹೋದವು. ಒಂದೊಂದೇ ಹಣ್ಣು ಕೊಂಡರೇನು ಬಂತು, ಇಡೀ ಗೊನೆಯನ್ನೇ ಕೊಳ್ಳೋಣ ಎಂದು ಕೂಡಿಡುತ್ತಲೇ ಹೋದ. ಕೆನ್ನೆಗಳು ಕಡುಬಿನಂತೆ ಉಬ್ಬಿದವು. ಅತ್ತಿಹಣ್ಣು ತಿನ್ನಲೂ ಬಾಯಲ್ಲಿ ಜಾಗವಿಲ್ಲ. ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿಯಾಯಿತು.

ಚಿರತೆ ಮತ್ತೆ ಬಂತು. ಹುಡುಕಿದರೆ ಒಂದು ಜಿಂಕೆಯೂ ಇಲ್ಲ. ಮರದ ಬುಡದಲ್ಲಿ ಗೊರಕೆ ಹೊಡೆಯುತ್ತಿದ್ದ ನರಿ ಕಣ್ಣಿಗೆ ಬಿತ್ತು.

"ಮ್ಮ್! ಮ್ಮ್ಮ್!" ಎಂದ ಕೆಂಚಪ್ಪ. ಬಾಯಿ ತುಂಬ ಸಂಬಳ, ಮಾತು ಹೊರಡಲು ದಾರಿಯಿಲ್ಲ. ಉಗಿಯಲು ಮನಸ್ಸಿಲ್ಲ.

"ಸಂಬಳ ಜಾಸ್ತಿ ಮಾಡು ಅಂತ ತಾನೇ?" ಎಂದಿತು ನರಿ, ಕಣ್ಣು ತೆರೆಯದೆ. "ನಾಳೆ ನೋಡೋಣ."

"ಮ್ಮ್ಮ್ಮ್!"

"ನಾಳೆ ಅಂದೆನಲ್ಲ, ಅವಸರ ಮಾಡಬೇಡ."

ಚಿರತೆ ಹಾರಿತು. ನರಿ ಎದ್ದುಬಿದ್ದು ಓಡಿತು. ಅದರ ಬಾಲ ಮಾತ್ರ ಚಿರತೆಯ ಬಾಯಲ್ಲೇ ಉಳಿಯಿತು. ಬಾಲದಿಂದ ಹೊಟ್ಟೆ ತುಂಬುವುದುಂಟೇ? ಚಿರತೆ ತಲೆಯೆತ್ತಿ ಕೆಂಚಪ್ಪನನ್ನು ನೋಡಿ ಮರ ಹತ್ತತೊಡಗಿತು.

ಈಗ ಮನಸ್ಸು ತಾನಾಗಿಯೇ ಬಂತು. ಕೆಂಚಪ್ಪ ಥೂ ಎಂದು ಉಗಿದ. ನಾಣ್ಯಗಳು ಚಿರತೆಯ ಮೂಗಿನ ಮೇಲೆ ಪಟಪಟನೆ ಉದುರಿದವು. ಆಮೇಲೆ ಕೂಗಿದ ನೋಡಿ, ಆ ಕೂಗು ಹೊಳೆಯಾಚೆಗೂ ಕೇಳಿಸಿತು. ಅಲ್ಲಿಂದ ಇಡೀ ಹಿಂಡು ಮರುಕೂಗು ಹಾಕಿತು. ಕಾಡಿಗೆಲ್ಲ ಸುದ್ದಿಯಾದ ಮೇಲೆ ಇನ್ನೆಲ್ಲಿಯ ಬೇಟೆ ಎಂದು ಚಿರತೆ ಗೊಣಗುತ್ತ ಹೊರಟುಹೋಯಿತು.

ಮರುದಿನ ಸಂಪಿಗೆ ಮರಿಯೊಂದಿಗೆ ಹೊಳೆ ದಾಟಿ ಬಂದಳು. "ಅಣ್ಣಾ, ನಿನ್ನ ದನಿ ಕೇಳಿ ಎಷ್ಟು ದಿನವಾಗಿತ್ತು" ಎಂದಳು.

"ತಪ್ಪಾಯ್ತಮ್ಮ" ಎಂದು ಕೆಂಚಪ್ಪ ಅತ್ತುಬಿಟ್ಟ.

ಹಾಗೆಂದು ನಾಣ್ಯಗಳನ್ನು ಹೊಳೆಗೆ ಎಸೆಯಲಿಲ್ಲ, ಅಷ್ಟು ದಡ್ಡನಲ್ಲ. ಆರಿಸಿಕೊಂಡು ಹೋಗಿ ಅಂಗಡಿಯ ಮುಂದೆ ಸುರಿದ. ಅಂಗಡಿಯವನು ಎತ್ತಿದ ಕೋಲು ಎತ್ತಿದಂತೆಯೇ ನಿಂತಿತು. ಕೆಂಚಪ್ಪ ಗೊನೆಯೊಂದನ್ನು ಎಳೆದುಕೊಂಡು ಕಾಡಿಗೆ ಬಂದ. ಮೊದಲ ಹಣ್ಣು ಸುಲಿದು ಮರಿಯ ಬಾಯಿಗಿಟ್ಟ. ಮರಿ ಏನೋ ಅಂದಿತು. ಬಾಯಿ ತುಂಬ ಹಣ್ಣಿದ್ದರೂ ಅದು "ಮಾವ" ಎಂದದ್ದು ಕೆಂಚಪ್ಪನಿಗೆ ಸರಿಯಾಗಿಯೇ ಕೇಳಿಸಿತು.

ನೀತಿ: ಬದುಕಿಗೆ ಹಣ ಬೇಕು, ಆದರೆ ನಮ್ಮನ್ನು ನಂಬಿದವರನ್ನು ಮಾರಿ ಹಣ ಗಳಿಸಿದರೆ ಬದುಕೇ ಉಳಿಯದು.