ಮೂರನೆಯ ಎಲೆ

"ಮತ್ತೆ ಬಂದೆಯಾ, ಕಸ್ತೂರಿ? ನಾನು ತುತ್ತು ಕೈಗೆತ್ತಿಕೊಳ್ಳುವುದನ್ನೇ ಬಾಗಿಲ ಮರೆಯಲ್ಲಿ ನಿಂತು ಕಾಯುತ್ತೀಯಾ ಹೇಗೆ?" ಎಂದರು ಗುರುಗಳು.

ಗುರುಗಳ ಹೆಸರು ನೀಲಾಂಬಿಕೆ. ಮಠದ ಹಿಂದಿನ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿಸುತ್ತಿದ್ದರು. ಶಿಷ್ಯೆಯರು ಅವರನ್ನು ಅಕ್ಕ ಎಂದು ಕರೆಯುತ್ತಿದ್ದರು. ಆ ದಿನ ಬೆಳಗ್ಗೆ ಅವರು ಮುಖಕ್ಕೆ ಸೋಪು ಹಚ್ಚಿಕೊಂಡಿದ್ದಾಗ ಕಸ್ತೂರಿ ಬಂದಿದ್ದಳು. ಅವರು ತಮ್ಮ ಮಗುವನ್ನು ತೊಟ್ಟಿಲಿಗೆ ಹಾಕುವಾಗ ಇನ್ನೊಮ್ಮೆ ಬಂದಿದ್ದಳು. ಮಗು ಎದ್ದು ಕೂತಿತ್ತು. ಈಗ ಊಟದ ಹೊತ್ತು.

"ಒಂದೇ ಪ್ರಶ್ನೆ, ಅಕ್ಕ."

"ಬೆಳಗ್ಗೆಯೂ ಒಂದೇ ಅಂದಿದ್ದೆ. ಅದು ಮರಿ ಹಾಕಿತೇನೋ. ಕೇಳು."

"ಹೇಳಿದ ಮಾತು ಕೇಳದ ಬಾಕ್ಸನ್ನು ದಾರಿಗೆ ತರುವುದು ಹೇಗೆ?"

"ಯಾವ ಬಾಕ್ಸು? ಏನು ಮಾತು? ನೆಟ್ಟಗೆ ಹೇಳು."

ಕಸ್ತೂರಿ ಹೇಳಿದಳು. ಪೇಟೆಯ ಡಾಕ್ಟರೊಬ್ಬರಿಗಾಗಿ ಅವಳು ಒಂದು ಪ್ರೋಗ್ರಾಮ್ ಬರೆಯುತ್ತಿದ್ದಳು. ರೋಗಿಯ ಹೆಸರನ್ನು ಒತ್ತಿದರೆ ಒಂದು ಡೈಲಾಗ್, ಅಂದರೆ ಪರದೆಯ ಮೇಲೆ ಒಂದು ಚಿಕ್ಕ ಕಿಟಕಿ, ತೆರೆದುಕೊಳ್ಳಬೇಕು. ಅದರ ಒಂದು ಬಾಕ್ಸಿನಲ್ಲಿ ಹೆಸರು, ಒಂದರಲ್ಲಿ ವಯಸ್ಸು, ಇನ್ನೊಂದರಲ್ಲಿ ಆ ರೋಗಿಯ ಮೈಗೆ ಒಗ್ಗದ ಔಷಧಿ ಕಾಣಬೇಕು. ಬೆಳಗ್ಗೆ ಡೈಲಾಗ್ ತೆರೆಯಲು ಹೋದ ಕೂಡಲೇ ಇಡೀ ಪ್ರೋಗ್ರಾಮ್ ಕುಸಿದು ಬೀಳುತ್ತಿತ್ತು. ಔಷಧಿಯ ಬಾಕ್ಸನ್ನು ಅವಳು ಡೈಲಾಗಿನ ನಕ್ಷೆಯಲ್ಲಿ ಅಳಿಸಿ ಮತ್ತೆ ಎಳೆದಳು. ಬಿದ್ದಿತು. ಬಾಕ್ಸಿನ ಹೆಸರು ಬದಲಿಸಿದಳು. ಆಗಲೂ ಬಿದ್ದಿತು. ಕೊನೆಗೆ, ಬಾಕ್ಸು ಸಿಗದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗು ಎಂದು ಒಂದು ಸಾಲು ಸೇರಿಸಿದಳು.

"ಈಗ ಬೀಳುವುದಿಲ್ಲ, ಅಕ್ಕ. ಹೆಸರು ಬರುತ್ತದೆ, ವಯಸ್ಸು ಬರುತ್ತದೆ. ಔಷಧಿಯ ಬಾಕ್ಸು ಮಾತ್ರ ಖಾಲಿ ಇರುತ್ತದೆ."

"ಔಷಧಿ ತುಂಬುವ ಸಾಲನ್ನು ಎಲ್ಲಿ ಬರೆದಿದ್ದೀಯ?"

"ಎಲ್ಲಕ್ಕಿಂತ ಮೇಲೆ. ಡೈಲಾಗ್ ತೆರೆಯುವುದಕ್ಕೂ ಮೊದಲು. ಅದೇ ಅಲ್ಲವೇ ಮುಖ್ಯ? ಹೆಸರು, ವಯಸ್ಸು ಆಮೇಲೆ ಬಂದರೂ ನಡೆಯುತ್ತದೆ."

"ಖಾಲಿ ಬಾಕ್ಸು ನೋಡಿದ ಡಾಕ್ಟರು ಏನೆಂದುಕೊಳ್ಳುತ್ತಾರೆ?"

"ಈ ರೋಗಿಗೆ ಒಗ್ಗದ್ದು ಯಾವುದೂ ಇಲ್ಲ ಎಂದುಕೊಳ್ಳಬಹುದು." ಕಸ್ತೂರಿಯ ದನಿ ಸಣ್ಣದಾಯಿತು. ಮರುಗಳಿಗೆಯಲ್ಲೇ ಮೊದಲಿನಂತಾಯಿತು. "ಆದರೆ ಸಂಜೆ ಅವರ ಕಡೆಯವರು ಬಂದುಬಿಡುತ್ತಾರೆ, ಅಕ್ಕ. ಬೀಳುವುದಂತೂ ನಿಂತಿದೆ. ಈಗ ಕೊಟ್ಟುಬಿಡುತ್ತೇನೆ. ಬಾಕ್ಸನ್ನು ನಾಳೆ ವಿಚಾರಿಸಿಕೊಂಡರಾಯಿತು."

ಗುರುಗಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಕೂತುಕೋ. ಅನ್ನವಂತೂ ಆರಿತು. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ನಿನ್ನಿಂದ ಆದರೆ."

ಕಸ್ತೂರಿ ಕೂತಳು. ಗುರುಗಳು ಹೇಳತೊಡಗಿದರು.

ಒಬ್ಬ ಹೆಂಗಸಿದ್ದಳು. ಅವಳಿಗೆ ಒಬ್ಬನೇ ಅಣ್ಣ. ಒಂದು ನಾಮಕರಣದ ದಿನ ಹತ್ತು ಜನರ ಎದುರಿಗೆ ಅವಳು ಅಣ್ಣನಿಗೆ ಒಂದು ಮಾತು ಅಂದಳು. ಆ ದಿನದಿಂದ ಅಣ್ಣ ಅವಳ ಮನೆಯಲ್ಲಿ ನೀರು ಮುಟ್ಟಲಿಲ್ಲ. ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಿದ್ದ, ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ. ಆ ಊರಿನಲ್ಲಿ ಮುನಿಸು ಮುಗಿಯುವುದು ಮಾತಿನಿಂದಲ್ಲ. ಯಾರ ಮೇಲೆ ಮುನಿಸೋ ಅವರ ಮನೆಯಲ್ಲಿ ಕೂತು ಉಂಡರೆ ಮುನಿಸು ಮುಗಿದಂತೆ. ಉಣ್ಣದೆ ಎದ್ದರೆ ಸಂಬಂಧವೇ ಮುಗಿದಂತೆ.

ತಂಗಿ ಹೇಳಿ ಕಳಿಸಿದಳು, ತಾನೇ ಹೋಗಿ ಕರೆದಳು, ಅತ್ತಳು. ಕೊನೆಗೆ ಅಣ್ಣ ಒಪ್ಪಿದ.

"ಒಂದು ಊಟಕ್ಕೆ ಬರುತ್ತೇನೆ. ಇನ್ನೊಮ್ಮೆ ಕರೆಯಬೇಡ" ಎಂದ.

ಅವಳು ನೆಂಟರನ್ನೆಲ್ಲ ಕರೆದಳು. ಅಣ್ಣನಿಗೆ ಇಷ್ಟವೆಂದು ಹೋಳಿಗೆಯನ್ನು ತನ್ನ ಕೈಯಾರೆ ಬೇಯಿಸಿದಳು. ಹಜಾರದ ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆದು, ಯಾರ ಎಲೆ ಎಲ್ಲಿ ಎಂದು ಗುರುತು ಹಾಕಿದಳು. ಮೂರನೆಯ ಗುರುತು ಅಣ್ಣನದು.

ಆ ಊರಿನ ಪಂಕ್ತಿಗೆ ಒಂದು ಕ್ರಮವಿತ್ತು. ಎಲೆ ಹಾಕುವವನು ಎಲೆ ಹಾಕುತ್ತಾನೆ, ನೀರು ಚಿಮುಕಿಸುತ್ತಾನೆ, ಜನರನ್ನು ಕೂರಿಸುತ್ತಾನೆ. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಬಡಿಸಬಹುದು" ಎಂದು ಕೂಗುತ್ತಾನೆ. ಆ ಕೂಗು ಕೇಳುವ ತನಕ ಒಂದು ಸೌಟೂ ಹೊರಗೆ ಬರುವುದಿಲ್ಲ.

ಈ ಹೆಂಗಸಿಗೆ ಅಷ್ಟು ತಾಳ್ಮೆಯಿಲ್ಲ. ಕೂಗಿದ ಮೇಲೆ ಎಲ್ಲರಿಗೂ ಬಡಿಸುತ್ತಾರೆ, ಆಗ ತನ್ನ ಅಣ್ಣನಿಗೆ ಏನು ವಿಶೇಷ ಮಾಡಿದಂತಾಯಿತು? ಎಲ್ಲರಿಗಿಂತ ಮೊದಲು ಅವನ ಎಲೆಗೆ ಹೋಳಿಗೆ ಬೀಳಬೇಕು. ಅವಳು ಬಡಿಸುವವನೊಬ್ಬನನ್ನು ಕರೆದು, "ಮೂರನೆಯ ಜಾಗಕ್ಕೆ ಹೋಳಿಗೆ ಹಾಕಿ, ಮೇಲೆ ತುಪ್ಪ ಹಾಕಿ ಬಾ" ಎಂದಳು.

"ಇನ್ನೂ ಕೂಗಿಲ್ಲವಲ್ಲ, ಅಮ್ಮ."

"ಕೂಗುವುದು ಊರಿಗೆ. ನಿನಗೆ ಹೇಳುತ್ತಿರುವವಳು ನಾನು. ಹೋಗು."

ಅವನು ಹೋದ. ಮೂರನೆಯ ಗುರುತು ಇತ್ತು. ಅದರ ಮೇಲೆ ಹೋಳಿಗೆ ಹಾಕಿದ, ತುಪ್ಪ ಹಾಕಿದ. ಎರಡೂ ನೆಲಕ್ಕೆ ಬಿದ್ದವು. ತುಪ್ಪದ ಮೇಲೆ ಕಾಲಿಟ್ಟು ಅವನೂ ಬಿದ್ದ.

ಹೆಂಗಸು ಓಡಿ ಬಂದಳು. "ಕಣ್ಣು ಎಲ್ಲಿಟ್ಟಿದ್ದೆ?" ಎಂದು ಬೈದಳು. ಅವನನ್ನು ಬಿಟ್ಟು ಇನ್ನೊಬ್ಬನನ್ನು ಕಳಿಸಿದಳು. ಅವನೂ ನೆಲಕ್ಕೇ ಹಾಕಿದ. ಸುಣ್ಣದ ಗುರುತು ಸರಿಯಾಗಿ ಕಾಣುತ್ತಿಲ್ಲವೇನೋ ಎಂದುಕೊಂಡು ಅವಳು ಅದನ್ನು ಅಳಿಸಿ ದಪ್ಪಗೆ ಬರೆದಳು. ಮತ್ತೆ ಕಳಿಸಿದಳು. ನೆಲಕ್ಕೇ ಬಿತ್ತು. ಒರೆಸಿ ಒರೆಸಿ ಅವಳಿಗೆ ಸಾಕಾಯಿತು.

"ಇನ್ನು ಮೇಲೆ ಅಲ್ಲಿ ಎಲೆ ಇಲ್ಲದಿದ್ದರೆ ಹಾಕಬೇಡ. ಸುಮ್ಮನೆ ಮುಂದೆ ನಡೆ. ನನ್ನ ನೆಲ ಕೆಡಿಸಬೇಡ" ಎಂದಳು.

ಅವನು ಹೋಳಿಗೆಯ ತಟ್ಟೆ ಹಿಡಿದು ಹಜಾರಕ್ಕೆ ಹೋದ. ಎಲೆ ಇರಲಿಲ್ಲ. ಸುಮ್ಮನೆ ಮುಂದೆ ನಡೆದ. ಆ ಬಾಗಿಲಿನಿಂದ ಹೋಗಿ ಈ ಬಾಗಿಲಿನಿಂದ ಬಂದ.

"ಹೋಗಿ ಬಂದೆಯಾ?"

"ಹೋಗಿ ಬಂದೆ, ಅಮ್ಮ."

ಈ ಸಲ ಸದ್ದಿಲ್ಲ, ಬಿದ್ದವರಿಲ್ಲ, ನೆಲ ಒಣಗಿದೆ. ಅವಳಿಗೆ ಸಮಾಧಾನವಾಯಿತು. ಉಳಿದ ಬಡಿಸುವವರನ್ನು ಕರೆದು, "ಮೂರನೆಯ ಎಲೆಯ ತಂಟೆಗೆ ಹೋಗಬೇಡಿ. ಅದು ನನ್ನದು, ಆಗಲೇ ಆಗಿದೆ" ಎಂದಳು. ಒಲೆಯ ಮುಂದೆ ಕೂತು ಬೆವರು ಒರೆಸಿಕೊಂಡಳು.

ಆಮೇಲೆ ಎಲೆ ಹಾಕುವವನು ಬಂದ. ಎಲೆ ಹಾಕಿದ, ನೀರು ಚಿಮುಕಿಸಿದ, ಜನರನ್ನು ಕೂರಿಸಿದ. ಅಣ್ಣ ಮೂರನೆಯ ಎಲೆಯ ಮುಂದೆ ಕೂತ.

"ಬಡಿಸಬಹುದು" ಎಂಬ ಕೂಗು ಬಂತು.

ಬಡಿಸುವವರು ಸಾಲಾಗಿ ಹೊರಟರು. ಮೊದಲ ಎಲೆಗೆ ಕೋಸಂಬರಿ ಬಿತ್ತು, ಪಲ್ಯ ಬಿತ್ತು, ಅನ್ನ ಬಿತ್ತು. ಎರಡನೆಯ ಎಲೆಗೂ ಬಿತ್ತು. ಮೂರನೆಯ ಎಲೆಯನ್ನು ದಾಟಿ ನಾಲ್ಕನೆಯದಕ್ಕೆ ಹೋದರು. ಪ್ರತಿಯೊಬ್ಬನೂ ದಾಟಿಯೇ ಹೋದ. ಸಾರಿನವನು ದಾಟಿದ, ತುಪ್ಪದವನು ದಾಟಿದ. ಪಕ್ಕದಲ್ಲಿ ಕೂತ ನೆಂಟನೊಬ್ಬ ಏನೋ ಹೇಳಲು ಬಾಯಿ ತೆರೆದವನು ಅಣ್ಣನ ಮುಖ ನೋಡಿ ಸುಮ್ಮನಾದ.

ಅಣ್ಣ ಕೇಳಲಿಲ್ಲ. ಮುನಿದು ಬಂದವನು ಅನ್ನ ಹಾಕಿ ಎಂದು ಹೇಗೆ ಕೇಳಿಯಾನು? ಎಲ್ಲರೂ ಉಣ್ಣತೊಡಗಿದರು. ಅವನು ಎಲೆಯ ಮೇಲಿನ ನೀರಿನ ಹನಿಗಳನ್ನು ನೋಡುತ್ತ ಕೂತ. ಸ್ವಲ್ಪ ಹೊತ್ತಾದ ಮೇಲೆ ಖಾಲಿ ಎಲೆಯನ್ನು ಮಡಿಸಿದ. ಎದ್ದು ಹಿತ್ತಿಲಿಗೆ ಹೋಗಿ, ಎಂಜಲಾಗದ ಕೈಯನ್ನು ತೊಳೆದುಕೊಂಡ.

ತಂಗಿ ಓಡಿ ಬಂದಳು. "ಅಣ್ಣಾ, ಎಲ್ಲರಿಗಿಂತ ಮೊದಲು ನಿನಗೇ ಹಾಕಲು ಹೇಳಿದ್ದೆ! ಬೇಕಾದರೆ ಅವನನ್ನೇ ಕೇಳು!"

ಬಡಿಸುವವನು, "ಹೌದು ಸ್ವಾಮಿ, ಹೇಳಿದ್ದರು. ಎಲೆ ಇಲ್ಲದಿದ್ದರೆ ಮುಂದೆ ನಡೆ ಎಂದೂ ಹೇಳಿದ್ದರು" ಎಂದ.

ಅಣ್ಣ ಟವೆಲ್ಲಿನಿಂದ ಕೈ ಒರೆಸಿಕೊಂಡು ಹೊಸ್ತಿಲು ದಾಟಿದ. ಅವಳು ಇನ್ನೊಮ್ಮೆ ಕರೆಯುವಂತಿರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಕಸ್ತೂರಿ ನೆಲದ ಮೇಲೆ ಬೆರಳಿನಿಂದ ಒಂದು ಚೌಕ ಎಳೆದಳು.

"ನಾನು ಡೈಲಾಗಿನ ನಕ್ಷೆಯಲ್ಲಿ ಎಳೆದ ಬಾಕ್ಸು ಬರೀ ಸುಣ್ಣದ ಗುರುತು. ಡೈಲಾಗ್ ತೆರೆದುಕೊಳ್ಳುವಾಗಲೇ ಬಾಕ್ಸು ಹುಟ್ಟುವುದು. ಬಾಕ್ಸುಗಳೆಲ್ಲ ಹುಟ್ಟಿದ ಮೇಲೆ, ಕಂಪ್ಯೂಟರನ್ನು ನಡೆಸುವ ವಿಂಡೋಸ್ ಒಮ್ಮೆ ಕೂಗಿ ಹೇಳುತ್ತದೆ. ನಾನು ಔಷಧಿ ತುಂಬಬೇಕಾದದ್ದು ಆಗ."

"ಇಷ್ಟು ಗೊತ್ತಿದ್ದೂ ನನ್ನ ಅನ್ನ ಆರಿಸಿದೆಯಾ?"

"ಗೊತ್ತಿತ್ತು, ಅಕ್ಕ. ಮುಖ್ಯವಾದದ್ದು ಮೊದಲು ಇರಲಿ ಎಂದು ಆಸೆಪಟ್ಟೆ."

"ಅವಳೂ ಹಾಗೇ ಆಸೆಪಟ್ಟಳು. ಮೊದಲ ಸಲ ನೆಲಕ್ಕೆ ಬಿದ್ದ ತುಪ್ಪ, ಇಲ್ಲಿ ಎಲೆ ಇಲ್ಲ ತಾಯಿ ಎಂದು ಬಾಯಿಬಿಟ್ಟು ಹೇಳುತ್ತಿತ್ತು. ಅವಳು ಅದನ್ನು ಒರೆಸಿದಳು. ನಿನ್ನ ಪ್ರೋಗ್ರಾಮ್ ಬೆಳಗಿನಿಂದ ಬಿದ್ದು ಬಿದ್ದು ಅದನ್ನೇ ಹೇಳಿತು. ನೀನು ಅದರ ಬಾಯಿ ಮುಚ್ಚಿಸಿ, ಈಗ ಬೀಳುವುದಿಲ್ಲ ಎಂದು ನನ್ನ ಮುಂದೆ ಹಿಗ್ಗುತ್ತಿದ್ದೀಯ."

ಕಸ್ತೂರಿಗೆ ಅಳು ಬಂದಂತಾಯಿತು. ಆದರೂ ಸುಮ್ಮನಿರಲಾರದೆ ಹೇಳಿದಳು: "ಆ ಹೆಂಗಸಿನ ಮೇಲೆ ನೀವು ತುಂಬ ಕಟುವಾದಿರಿ, ಅಕ್ಕ. ಅಣ್ಣನ ಮೇಲೆ ಅವಳಿಗೆ ಎಷ್ಟೊಂದು ಪ್ರೀತಿ ಇತ್ತು! ನಾನೂ ಅಷ್ಟೇ. ಔಷಧಿಯ ಸಾಲನ್ನು ಬರೆಯದೆ ಬಿಟ್ಟಿಲ್ಲ. ಎಲ್ಲಕ್ಕಿಂತ ಮೊದಲು ಅದನ್ನೇ ಬರೆದಿದ್ದೇನೆ. ಅದಕ್ಕೆ ಬೆಲೆಯಿಲ್ಲವೇ?"

ತೊಟ್ಟಿಲಲ್ಲಿ ಮಗು ಮುಲುಗಿತು. ಗುರುಗಳು ಆರಿದ ಅನ್ನದ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡರು. ಆಮೇಲೆ ಕೇಳಿದರು:

"ಪ್ರೀತಿ ಇತ್ತು. ಆದರೆ ಅಣ್ಣ ಎಲೆ ಮಡಿಸುವಾಗ ಅದರಲ್ಲಿ ಎಷ್ಟು ಅವನ ಎಲೆಯ ಮೇಲಿತ್ತು?"