ನಿಂತೇ ಮಾತಾಡಿದವನು

"ನೀವು ನಂಬುವುದಿಲ್ಲ ಅಯ್ಯನವರೇ. ನಂಬಿದರೆ ನನ್ನ ಹೆಸರು ಬದಲಿಸಿಕೊಳ್ಳುತ್ತೇನೆ. ಎಪ್ಪತ್ತು ದಿನ, ಅರವತ್ತೆರಡು ಪ್ರಸಂಗ. ಒಬ್ಬನಾದರೂ ಬಾಯಿ ಬಿಡಬೇಕಲ್ಲ? ಆಮೆನ್ ಅನ್ನಲಿಲ್ಲ. ಹೋಗಾಚೆ ಅಂತಲೂ ಅನ್ನಲಿಲ್ಲ. ಇಂಥ ಕಿವುಡರ ಬಳಿಗೆ ದೇವರು ನನ್ನನ್ನೇ ಏಕೆ ಕಳುಹಿಸಿದ?"

ಹೀಗೆ ಕೇಳಿದವನು ದೇವಮಿತ್ರ. ಸುವಾರ್ತೆ ಸಾರಲು ಸಮುದ್ರ ದಾಟಿ ಹೋಗಿದ್ದವನು ಹಿಂದಿನ ದಿನವಷ್ಟೇ ಊರಿಗೆ ಮರಳಿದ್ದ. ಕೇಳಿಸಿಕೊಂಡವರು ಅವನಿಗೆ ಸತ್ಯವೇದ ಓದಿಸಿದ ಮುದಿ ಸಭಾಪಾಲಕರು. ಊರೆಲ್ಲ ಅವರನ್ನು ಅಯ್ಯನವರು ಎನ್ನುತ್ತಿತ್ತು.

"ಕೂತುಕೋ ತಮ್ಮಾ," ಎಂದು ಅಯ್ಯನವರು ಚಾಪೆ ತೋರಿಸಿದರು.

"ಬೇಡ. ಕೂತರೆ ಸಿಟ್ಟು ಇಳಿದುಹೋಗುತ್ತದೆ."

ಅವನ ಸಿಟ್ಟಿಗೆ ಕಾರಣವಿತ್ತು. ಇಂಥ ಕಂಠ ಆ ಸೀಮೆಯಲ್ಲಿ ಇನ್ನೊಬ್ಬರಿಗಿರಲಿಲ್ಲ. ಕೆರೆಯ ಈ ದಂಡೆಯಲ್ಲಿ ನಿಂತು ಅವನು ಕೂಗಿದರೆ ಆ ದಂಡೆಯ ಎಮ್ಮೆಗಳು ತಲೆ ಎತ್ತುತ್ತಿದ್ದವು. ಸಮುದ್ರದಾಚೆಯ ಹಳ್ಳಿಯಲ್ಲಿಯೂ ಅವನು ಕಂಠಕ್ಕೆ ಬಿಡುವು ಕೊಟ್ಟಿರಲಿಲ್ಲ. ತಂಗಿದ್ದದ್ದು ದೂರದ ಪೇಟೆಯಲ್ಲಿ. ಹೆಚ್ಚುಕಡಿಮೆ ದಿನವೂ ಜೀಪಿನಲ್ಲಿ ಆ ಹಳ್ಳಿಗೆ ಹೋಗುವುದು, ಇಳಿದು ನಿಂತರೆ ಪ್ರಸಂಗ, ಪ್ರಸಂಗ ಮುಗಿದರೆ ಮತ್ತೆ ಜೀಪು. ಪೇಟೆಯ ದುಭಾಷಿಯೊಬ್ಬ ಪ್ರತಿ ಮಾತನ್ನೂ ಅವರ ಭಾಷೆಯಲ್ಲಿ ಹೇಳುತ್ತಿದ್ದ. ಜನ ಸುತ್ತ ಕೂತು ಕಣ್ಣು ಮಿಟುಕಿಸುತ್ತಿದ್ದರು, ಅಷ್ಟೇ.

"ಅವರು ಆಡಿದ್ದು ಒಂದೇ ಒಂದು ಮಾತು, ಅದೂ ಕೊನೆಯ ದಿನ, ನಾನು ಜೀಪು ಹತ್ತಿ ಕೂತ ಮೇಲೆ," ಎಂದ ದೇವಮಿತ್ರ. "ಓಡಿ ಬಂದು ಒಂದು ವಸ್ತುವನ್ನು ತೊಡೆಯ ಮೇಲಿಟ್ಟರು. 'ಮತ್ತೆ ಬರುವಾಗ ಇದನ್ನು ಮರೆಯದೆ ತಾ' ಅಂದರಂತೆ. ಏನು ಕೊಟ್ಟರೆಂದು ಕೇಳಬೇಡಿ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೋಗುವಾಗ ಬರುವಾಗ ಅವರ ಸಾಮಾನು ಹೊರಲು ನಾನೇನು ಕೂಲಿಯವನೇ?"

ಅವನು ಕಾಲ ಬಳಿ ಇದ್ದ ಚೀಲವನ್ನು ಒದ್ದ. ಚೀಲದ ಬಾಯಿ ಬಿಚ್ಚಿಕೊಂಡಿತ್ತು. ಅಯ್ಯನವರ ಕಣ್ಣು ಒಮ್ಮೆ ಅದರೊಳಗೆ ಹೋಗಿ ಬಂತು.

ದೇವಮಿತ್ರ ಕಿಸೆಯಿಂದ ಒಂದು ಕಾಗದ ತೆಗೆದ. ಅವನನ್ನು ಕಳುಹಿಸಲೆಂದು ಊರಿನ ಸಭೆಯ ಹೆಂಗಸರು ಒಂದು ವರ್ಷ ಪ್ರತಿ ಹೊತ್ತಿನ ಅಡುಗೆಯಿಂದ ಹಿಡಿ ಹಿಡಿ ಅಕ್ಕಿ ತೆಗೆದಿಟ್ಟಿದ್ದರು. ಬರುವ ಆದಿತ್ಯವಾರ ಅವನು ಅವರ ಮುಂದೆ ಸಾಕ್ಷಿ ಹೇಳಬೇಕಿತ್ತು.

"ಕೇಳಿ, ಹೀಗೆ ಬರೆದಿದ್ದೇನೆ. 'ಅಲ್ಲಿನವರದು ಕಲ್ಲೆದೆ. ಇನ್ನು ಯಾರನ್ನೂ ಅಲ್ಲಿಗೆ ಕಳುಹಿಸಬೇಡಿ.' ಸರಿ ತಾನೇ?"

ಅವನು ಹೀಗೆ ಹೇಳಿದರೆ ಸಭೆ ಹಾಗೆಯೇ ಮಾಡುತ್ತಿತ್ತು. ಆ ಹಳ್ಳಿಯ ಹೆಸರನ್ನು ಮತ್ತೆ ಯಾರೂ ಎತ್ತುತ್ತಿರಲಿಲ್ಲ.

"ನಿನ್ನದು ಮುಗಿಯಿತೇ? ಹಾಗಾದರೆ ಒಂದು ಕತೆ ಹೇಳುತ್ತೇನೆ," ಎಂದರು ಅಯ್ಯನವರು.

"ಹೇಳಿ. ಆದರೆ ನಾನು ಅವರ ಹಾಗೆ ಸುಮ್ಮನೆ ಕೇಳುವವನಲ್ಲ. ನಡುವೆ ಬಾಯಿ ಹಾಕುತ್ತೇನೆ."

ಅಯ್ಯನವರು ಹೇಳತೊಡಗಿದರು.

ಒಬ್ಬ ರೈತನಿದ್ದ. ನೇಗಿಲು ಹಿಡಿದರೆ ಅವನನ್ನು ಮೀರಿಸುವವರಿಲ್ಲ ಎಂದು ಊರವರು ಹೇಳುತ್ತಿದ್ದರು. ಊರವರಿಗಿಂತ ಮೊದಲು ಅವನೇ ಹೇಳುತ್ತಿದ್ದ. ಗುಡ್ಡದಾಚೆಯ ಊರಿನ ಜನ ನೇಗಿಲನ್ನೇ ಕಂಡಿಲ್ಲ, ಕೋಲಿನಿಂದ ಕುಳಿ ತೋಡಿ ಬೀಜ ಹಾಕುತ್ತಾರೆ, ವರ್ಷದಲ್ಲಿ ನಾಲ್ಕು ತಿಂಗಳು ಅರೆಹೊಟ್ಟೆಯಲ್ಲಿರುತ್ತಾರೆ ಎಂದು ಅವನ ಕಿವಿಗೆ ಬಿತ್ತು. ಅವನಿಗೆ ಮರುಕ ಹುಟ್ಟಿತು. ಆ ಮರುಕ ಸುಳ್ಳಲ್ಲ. ಜೋಡೆತ್ತು, ನೇಗಿಲು, ನೇಗಿಲ ತುದಿಗೆ ಹಾಕುವ ಮೂರು ಕಬ್ಬಿಣದ ಗುಳ, ಇಷ್ಟನ್ನು ತೆಗೆದುಕೊಂಡು ಗುಡ್ಡ ಹತ್ತಿ ಇಳಿದ.

ಆ ಊರವರು ಬಂದು ಅವನ ಸುತ್ತ ಕೂತರು. ರೈತ ನಡುವೆ ನಿಂತು ನೇಗಿಲಿನ ಗುಣ ಹೇಳಿದ. ಹೊತ್ತು ಮುಳುಗುವ ತನಕ ಹೇಳಿದ. ಯಾರೂ ಮಾತಾಡಲಿಲ್ಲ. ಮೊದಲ ದಿನ, ಇವರಿಗೆ ಎಲ್ಲವೂ ತಿಳಿಯಿತು ಎಂದುಕೊಂಡ. ಹತ್ತನೆಯ ದಿನ, ಇವರಿಗೆ ಏನೂ ತಿಳಿಯುವುದಿಲ್ಲ ಎಂದುಕೊಂಡ. ಇಪ್ಪತ್ತನೆಯ ದಿನ, ಇವರಿಗೆ ಸೊಕ್ಕು ಎಂದುಕೊಂಡ. ಊಟಕ್ಕೆ ಕೈಸನ್ನೆಯಲ್ಲಿ ಕರೆದರೆ, ಕೆಲಸವಿದೆ ಎಂದು ನಿಂತಲ್ಲೇ ರೊಟ್ಟಿ ಮುರಿದು ತಿಂದ.

ಆಮೇಲೆ ಎದುರಿಗಿದ್ದ ಹೊಲಕ್ಕೆ ನೇಗಿಲು ಹೂಡಿದ. ಮೊದಲ ಗುಳ ಬಂಡೆಗೆ ಬಡಿದು ಮುರಿಯಿತು. ಎತ್ತುಗಳನ್ನು ಬೈದ. ಎರಡನೆಯ ಗುಳ ಮುರಿಯಿತು. ತನ್ನೂರಿನಲ್ಲಿದ್ದ ಕಮ್ಮಾರನನ್ನು ಅಲ್ಲಿಂದಲೇ ಬೈದ. ಮೂರನೆಯದೂ ಮುರಿಯಿತು. ಈಗ ಬೈಯಲು ಉಳಿದಿದ್ದವರು ಬದುವಿನ ಮೇಲೆ ಕೂತಿದ್ದ ಜನ. ಅವರನ್ನೂ ಬೈದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತು ತುಟಿಯ ತನಕ ಬಂದು ಅಲ್ಲೇ ನಿಂತಿತು.

"ನೋಡಿದಿರಾ!" ದೇವಮಿತ್ರ ಕೈ ತಟ್ಟಿದ. "ನಾನು ಬಡಕೊಂಡದ್ದೂ ಅದನ್ನೇ. ಅಂಥವರನ್ನು ಬಿಟ್ಟು ಬರುವುದೇ ಸರಿ."

"ಅವನೂ ಬಿಟ್ಟು ಹೊರಟ," ಎಂದರು ಅಯ್ಯನವರು.

ನಲವತ್ತನೆಯ ದಿನ ರೈತ ಹೊರಟು ನಿಂತ. ಮೇಯಲು ಹೋಗಿದ್ದ ಒಂದು ಎತ್ತು ಇನ್ನೂ ಬಂದಿರಲಿಲ್ಲ. ಕಾದು ಕಾದು ಕಾಲು ಸೋತು, ತನ್ನ ನೇಗಿಲ ಮೇಲೆಯೇ ಕೂತ.

ಅವನು ಕೂತದ್ದೇ ತಡ, ತೂಬು ಎತ್ತಿದ ಹಾಗೆ ಊರಿಗೆ ಊರೇ ಮಾತಾಡಿತು.

"ಈ ಹೊಲದಲ್ಲಿ ಗೇಣುದ್ದ ಮಣ್ಣು, ಕೆಳಗೆಲ್ಲ ಬಂಡೆ. ಅದಕ್ಕೇ ನಾವು ಕೋಲು ಹಿಡಿದದ್ದು," ಎಂದ ಒಬ್ಬ.

"ಹಳ್ಳದಾಚೆ ಆಳುದ್ದ ಕರಿಮಣ್ಣಿದೆ. ಕೋಲಿಗೆ ಬಗ್ಗುವುದಿಲ್ಲವೆಂದು ಬೀಳು ಬಿಟ್ಟಿದ್ದೇವೆ," ಎಂದ ಇನ್ನೊಬ್ಬ. "ನಿನ್ನ ನೇಗಿಲನ್ನು ಕಂಡ ದಿನವೇ ನಮಗೆ ಜೀವ ಬಂದಿತ್ತು. ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದಿದ್ದೆವು."

ರೈತ ಹಣೆ ಚಚ್ಚಿಕೊಂಡ. "ಅಯ್ಯೋ ಪುಣ್ಯಾತ್ಮರಾ! ಗುಳ ಮುರಿಯುವ ಮೊದಲು ಬಾಯಿ ಬಿಡಲು ನಿಮಗೇನಾಗಿತ್ತು?"

ಒಬ್ಬ ಮುದುಕಿ ಹತ್ತಿರ ಬಂದಳು. "ಹೇಗೆ ಬಿಡುವುದು ಮಗಾ? ನಮ್ಮಲ್ಲಿ ಒಬ್ಬ ನಿಂತಿದ್ದಾನೆ ಎಂದರೆ ಅವನ ಮಾತು ಇನ್ನೂ ಮುಗಿದಿಲ್ಲ ಎಂದು. ಅವನು ಕೂರುವ ತನಕ ಉಳಿದವರು ಮಾತಾಡಬಾರದು. ಇವತ್ತು ಕೂರುತ್ತಾನೆ, ನಾಳೆ ಕೂರುತ್ತಾನೆ ಎಂದು ಕಾದೆವು. ನೀನು ರೊಟ್ಟಿಯನ್ನೂ ನಿಂತೇ ತಿಂದೆಯಲ್ಲಪ್ಪಾ!"

ಅಷ್ಟರಲ್ಲಿ ಎತ್ತು ಬಂತು. ಗುಳವಿಲ್ಲದ ನೇಗಿಲಿನಿಂದ ಆಗುವ ಕೆಲಸವೇನೂ ಇರಲಿಲ್ಲ. ರೈತ ಹೊರಡಲು ಏಳುವ ಮೊದಲೇ ಊರವರು ಒಂದು ವಸ್ತುವನ್ನು ತಂದು ಅವನ ಕೈಯಲ್ಲಿಟ್ಟರು. ಮುಂದಿನ ಬಿತ್ತನೆಗೆ ಬಾ, ಬರುವಾಗ ಇದನ್ನು ಮರೆಯದೆ ತಾ ಎಂದರು.

ಅಯ್ಯನವರು ಅಲ್ಲಿಗೆ ನಿಲ್ಲಿಸಿದರು.

ಎಮ್ಮೆ ತಲೆ ಎತ್ತುವಂಥ ದೇವಮಿತ್ರನ ದನಿ ಈಗ ಜಗಲಿಯನ್ನೂ ದಾಟಲಿಲ್ಲ.

"ಏನು ಕೊಟ್ಟರು ಅಯ್ಯನವರೇ?"

"ನಿನಗೆ ಕೊಟ್ಟದ್ದನ್ನೇ."

ದೇವಮಿತ್ರ ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡ. ಬಗ್ಗಿ, ಚೀಲದೊಳಗಿನ ವಸ್ತುವನ್ನು ಹೊರಗೆ ತೆಗೆದು ನೆಲಕ್ಕಿಟ್ಟ. ಅದು ಗೇಣೆತ್ತರದ, ಮೂರು ಕಾಲಿನ, ಕೂರುವ ಮಣೆ.