ಬಿಟ್ಟುಕೊಟ್ಟ ಕಲ್ಲು

"ಗುರುಗಳೇ, ಪಾಠ ಹೇಳುವ ಪೀಠ ನನಗೆ ಬರಬೇಕಿತ್ತು. ಅದನ್ನು ಗೆಳೆಯನಿಗೆ ಬಿಟ್ಟುಕೊಟ್ಟೆ. ಇದು ತ್ಯಾಗವಲ್ಲವೇ?" ಎಂದು ಶಿಷ್ಯ ನಿಜಗುಣ ಕೇಳಿದ. ಆಶ್ರಮವೆಲ್ಲ ಅವನನ್ನು ಹಾಡಿ ಹೊಗಳುತ್ತಿತ್ತು. ಗುರುಗಳ ಬಾಯಿಂದಲೂ ಒಂದು ಮಾತು ಬರಲಿ ಎಂಬುದು ಅವನ ಆಸೆ.

ಗುರುಗಳು ಹೊಗಳಲಿಲ್ಲ. ಕತೆ ಹೇಳಿದರು.

ಇಬ್ಬರು ಗೆಳೆಯರಿದ್ದರು. ಇಬ್ಬರಿಗೂ ದೂರದರ್ಶಕದ ಹುಚ್ಚು. ಮಂಗಳ ಮತ್ತು ಗುರು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುವ ಕಲ್ಲುಗಳಿವೆಯಲ್ಲ, ಕ್ಷುದ್ರಗ್ರಹಗಳು, ಅವುಗಳಲ್ಲಿ ಒಂದನ್ನು ಹಿರಿಯ ಗೆಳೆಯ ಕಂಡುಹಿಡಿದ. ಕೆಲವು ವರ್ಷ ಕಳೆದು ಕಿರಿಯನೂ ಆಕಾಶದ ಬೇರೊಂದು ಮೂಲೆಯಲ್ಲಿ ಒಂದನ್ನು ಕಂಡ. ಮೊದಲು ಕಂಡವನಿಗೆ ಹೆಸರಿಡುವ ಹಕ್ಕುಂಟು. ಆದರೆ ತನ್ನ ಹೆಸರನ್ನೇ ಇಡುವಂತಿಲ್ಲ. ಅದಕ್ಕೆ ಇಬ್ಬರೂ ಮಾತು ಕೊಟ್ಟುಕೊಂಡರು: ನನ್ನ ಕಲ್ಲಿಗೆ ನಿನ್ನ ಹೆಸರು, ನಿನ್ನದಕ್ಕೆ ನನ್ನದು. ಅಂದಿನಿಂದ ಹಿರಿಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕಕ್ಷೆಯ ಲೆಕ್ಕ ಹಾಕುವ ಕಚೇರಿಯಿಂದ ಸುದ್ದಿ ಬಂತು. ಕಲ್ಲು ಎರಡಲ್ಲ, ಒಂದೇ. ಹಿರಿಯ ಕಂಡ ಕಲ್ಲೇ ಸೂರ್ಯನನ್ನು ಸುತ್ತಿಕೊಂಡು ಬಂದು ಕಿರಿಯನ ಕಣ್ಣಿಗೂ ಬಿದ್ದಿತ್ತು.

ಹಿರಿಯ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೊದಲು ಕಂಡವನು ತಾನು, ಹೆಸರು ಮಾತ್ರ ಗೆಳೆಯನದು! ಅವನಿಗೆ ಊಟ ಸೇರಲಿಲ್ಲ. ಕೊನೆಗೊಂದು ಉಪಾಯ ಹೊಳೆಯಿತು. ಕಿರಿಯನೇ ಮೊದಲು ಕಂಡವನಾಗಿಬಿಟ್ಟರೆ ಕಲ್ಲಿಗೆ ತನ್ನ ಹೆಸರು ಬರುತ್ತದೆ. "ನಾನು ಕಂಡದ್ದು ಕಲ್ಲಲ್ಲ, ಗಾಜಿನ ಮೇಲಿನ ಕಲೆ" ಎಂದು ಕಚೇರಿಗೆ ಬರೆದು ಹಾಕಿದ. ಗೆಳೆಯನಿಗಾಗಿ ಕಲ್ಲನ್ನೇ ಬಿಟ್ಟುಕೊಟ್ಟನಲ್ಲ, ಎಂಥ ದೊಡ್ಡ ಮನಸ್ಸು ಎಂದರು ಊರವರು. ಅವನು ಬೇಡ ಬೇಡ ಎನ್ನುತ್ತಲೇ ಹಾರ ಹಾಕಿಸಿಕೊಂಡ.

ಮುಂದೆ ಕಲ್ಲಿನ ಹೆಸರು ಪ್ರಕಟವಾಯಿತು. ಓದಿದವನಿಗೆ ಸಿಡಿಲು ಬಡಿದಂತಾಯಿತು. ಇವರಿಬ್ಬರ ನಂತರ ಅದನ್ನು ಕಂಡ ಯಾವನೋ ವರ್ತಕ ತನ್ನ ಅತ್ತೆಯ ಹೆಸರಿಟ್ಟಿದ್ದ!

ಹಿರಿಯನು ಕಿರಿಯನ ಮನೆಗೆ ಓಡಿದ. "ಏನಯ್ಯಾ ಇದು? ನಿನ್ನ ಹಕ್ಕು ಎಲ್ಲಿ ಹೋಯಿತು?"

ಕಿರಿಯನೂ ಕಂಗಾಲಾಗಿ ಕೂತಿದ್ದ. "ಸುದ್ದಿ ಬಂದ ದಿನವೇ ನಾನು ಕಂಡದ್ದು ತಪ್ಪು ಅಂತ ಕಚೇರಿಗೆ ಬರೆದುಬಿಟ್ಟೆ ಅಣ್ಣಾ. ನನಗೆ ಕೊಟ್ಟ ಮಾತಿಗೆ ನೀನು ಕಟ್ಟುಬೀಳೋದು ಬೇಡ, ಕಲ್ಲು ಪೂರ್ತಿ ನಿನ್ನದೇ ಆಗಲಿ ಅಂತ. ಆದರೆ ನೀನು ಯಾಕೆ ಬಿಟ್ಟೆ?"

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಅವನು ಏನೆಂದ?" ಎಂದು ನಿಜಗುಣ ಕೇಳಿದ.

"ಅವನಿರಲಿ," ಎಂದರು ಗುರುಗಳು. "ನೀನು ಯಾಕೆ ಬಿಟ್ಟೆ?"